ಒನಕೆ ಕಲಿಸಿದ ಉಚ್ಚಾರಣೆ

ಟಕ್, ಟಕ್, ಟಕ್. ಊಟಿಯ ಕಾನ್ವೆಂಟಿನಲ್ಲಿ ಸಿಸ್ಟರ್ ರೂಲುದೊಣ್ಣೆಯಿಂದ ಮೇಜು ಕುಟ್ಟುತ್ತಿದ್ದ ಆ ಸದ್ದು ನೆನಪಾದರೆ ಈ ವಯಸ್ಸಿನಲ್ಲೂ ನನ್ನ ಬೆನ್ನು ನೆಟ್ಟಗಾಗುತ್ತದೆ. ನನ್ನ ಇಂಗ್ಲಿಷ್ ಉಚ್ಚಾರಣೆಯ ಬಗ್ಗೆ ನನಗೆ ಜಂಬವಿದೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ಮನೆಯವರೆಲ್ಲ ಅನುಭವಿಸಿದ್ದಾರೆ. ಆದರೆ ಆ ಜಂಬದಲ್ಲಿ ಅರ್ಧ ಪಾಲು ಒಂದು ಒನಕೆಗೆ ಸಲ್ಲಬೇಕು.

ಒಂದು ವರ್ಷ ಶಾಲೆಗೆ ಇನ್‌ಸ್ಪೆಕ್ಟ್ರೆಸ್ ಬರುವವರಿದ್ದರು. ನೀಲಗಿರಿ ಬೆಟ್ಟದ ನಮ್ಮ ಬಡಗ ಜನರ ಹಟ್ಟಿಯಿಂದ ಕಾನ್ವೆಂಟ್ ಸೇರಿದ ಹುಡುಗಿ ನಾನೊಬ್ಬಳೇ. ಅವರೆದುರು ತಡವರಿಸಿದರೆ ಓದಿದ್ದು ಸಾಕು, ಎಮ್ಮೆ ಕಾಯಲಿ ಎಂದು ದೊಡ್ಡಪ್ಪ ತೀರ್ಪು ಕೊಟ್ಟಾಗಿತ್ತು. ಅವರೆದುರು ಹೇಳಲು ನನ್ನ ಪಾಲಿಗೆ ಬಂದ ಪದ ‘ಹಾಸ್ಪಿಟ್ಯಾಲಿಟಿ’. ಐದು ಸಿಲಬಲ್ಲು, ಸ್ಟ್ರೆಸ್ಸು ಮೂರನೆಯದರ ಮೇಲೆ. ನಾವೋ ಯಾವ ಮಾತಿಗಾದರೂ ಶುರುವಿನಲ್ಲೇ ಭಾರ ಹಾಕುವ ಜನ. ನಾನು ‘ಹಾಸ್’ ಎಂದು ಗುಡುಗಿ ಉಳಿದದ್ದನ್ನು ನುಂಗಿಬಿಡುತ್ತಿದ್ದೆ.

ನಾನು ರಜೆಗೆ ಹಟ್ಟಿಗೆ ಬಂದಾಗ ಹೆತ್ತೆ, ಅಂದರೆ ನನ್ನ ಅಜ್ಜಿ, ಸಾಮೆ ಕುಟ್ಟುತ್ತಿದ್ದಳು. ನನ್ನ ಗೊಣಗಾಟ ಕೇಳಿ ಅದರ ಅರ್ಥವೇನೆಂದಳು. ಮನೆಗೆ ಬಂದವರಿಗೆ ಉಣ್ಣಲಿಕ್ಕುವುದು ಎಂದೆ.

“ಅದಕ್ಕೆ ಇಷ್ಟುದ್ದ ಮಾತಾ ಅಮ್ಮಿ? ನೀನು ಹೇಳಿ ಮುಗಿಸುವುದರೊಳಗೆ ಬಂದವನು ಹಸಿದು ಎದ್ದುಹೋಗುತ್ತಾನೆ.”

ನಕ್ಕರೂ, ಭಾರ ಎಲ್ಲಿ ಬೀಳಬೇಕೆಂದು ಕೇಳಿ, ಒನಕೆ ನನ್ನ ಕೈಗಿಟ್ಟಳು. ಎರಡು ಹಗುರ ಪೆಟ್ಟು, ಒಂದು ಜೋರು ಪೆಟ್ಟು, ಮತ್ತೆರಡು ಹಗುರ. ತಪ್ಪಿದರೆ ಮೊದಲಿನಿಂದ. ಸಾಮೆ ನುಚ್ಚಾಯಿತು, ಪದ ಹದವಾಯಿತು.

ಆ ದಿನ ಬಂತು. ನಾನೆದ್ದು ನಿಂತೆ. ಬಾಯಿ ತೆರೆದೊಡನೆ ಎರಡು ಕೈಯೂ ತಾವಾಗಿ ಮೇಲೆದ್ದವು! ಒನಕೆಯಿಲ್ಲದೆ ನನಗೆ ಆ ಪದ ಬರುತ್ತಲೇ ಇರಲಿಲ್ಲ. ಮಂಡಿ ಬಗ್ಗಿಸಿ, ಇಲ್ಲದ ಒನಕೆಯನ್ನು ‘ಟ್ಯಾ’ದ ಮೇಲೆ ಇಳಿಸಿದೆ. ಬಿಳಿ ದೊರೆಗಳ ಮಕ್ಕಳು ಕಿಸಕ್ಕೆಂದರು. ಇನ್‌ಸ್ಪೆಕ್ಟ್ರೆಸ್ ಮಾತ್ರ ನಗದೆ ಇನ್ನೊಮ್ಮೆ ಹೇಳಿಸಿ, ಸಿಸ್ಟರ್ ಕಡೆ ತಿರುಗಿ “ಪರ್ಫೆಕ್ಟ್” ಅಂದರು. ಎಮ್ಮೆಗಳು ನನ್ನಿಂದ ಪಾರಾದವು.

ಇಂದಿಗೂ ನಾನು ಆ ಪದಕ್ಕೆ ಬಾಯಿ ತೆರೆದರೆ ಮೊಮ್ಮಕ್ಕಳು ಕಾಫಿ ಲೋಟಗಳನ್ನು ದೂರ ಸರಿಸುತ್ತಾರೆ.

ಟೀಚರ್ ಕೆಲಸಕ್ಕೆಂದು ಕೂನೂರಿಗೆ ಹೊರಟ ದಿನವೇ ಹೆತ್ತೆಯನ್ನು ಕೊನೆಯ ಸಲ ನೋಡಿದ್ದು. ಹಟ್ಟಿಯ ಅಂಚಿನಲ್ಲಿ ನಿಂತವಳು ಕೈ ಬೀಸಲಿಲ್ಲ. ಬರಿಗೈಗಳನ್ನು ಮೇಲೆತ್ತಿ, ಎರಡು ಹಗುರ, ಒಂದು ಜೋರು, ಎರಡು ಹಗುರ ಕುಟ್ಟಿ ತೋರಿಸಿದಳು. ಕಾನ್ವೆಂಟಿನ ಶಿಸ್ತೆಲ್ಲ ಮರೆತು ನಾನೂ ಗಾಡಿಯಲ್ಲೇ ಎದ್ದುನಿಂತು ಕುಟ್ಟಿದೆ. ಗಾಡಿಯವನು ಎತ್ತುಗಳನ್ನು ನಿಲ್ಲಿಸಿ, ಏನಾದರೂ ಮರೆತು ಬಂದಿರಾ ಅಮ್ಮಾ ಎಂದು ಕೇಳಿದ.

ಇಲ್ಲ, ಎಲ್ಲ ತಂದಿದ್ದೇನೆ ಎಂದೆ.