ಅರ್ಧ ಟ್ಯಾಂಕಿನ ಹನೂರು

ಕೊಳ್ಳೇಗಾಲದ ಸದಾಶಿವಪ್ಪನವರ ಕಾರಿನಲ್ಲಿ ಹನ್ನೆರಡು ವರ್ಷಗಳಿಂದ ಅರ್ಧ ಟ್ಯಾಂಕ್ ಪೆಟ್ರೋಲ್ ಇದೆ. ತುಂಬಿಸಿದರೂ ಅರ್ಧ, ಬತ್ತಿದರೂ ಅರ್ಧ. ಬೇರೆ ಯಾರದೋ ಕಾರಾಗಿದ್ದರೆ ಪೆಟ್ರೋಲ್ ತೋರಿಸುವ ಮುಳ್ಳು ಕೆಟ್ಟಿದೆ ಎಂದು ಮೆಕ್ಯಾನಿಕ್ ಹತ್ತಿರ ಬಿಡುತ್ತಿದ್ದರು. ಆದರೆ ಸದಾಶಿವಪ್ಪನವರು ಅಳತೆ-ತೂಕದ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿ, ಸಂತೆ ಸಂತೆಯ ಕಳ್ಳ ತಕ್ಕಡಿಗಳನ್ನೆಲ್ಲ ಕಿತ್ತುಕೊಂಡು ನಿವೃತ್ತರಾದವರು. ಅಂಥವರ ಕಾರಿನಲ್ಲೇ ಸುಳ್ಳು ಮುಳ್ಳಿದೆ ಎಂದರೆ ಆ ತಕ್ಕಡಿಯವರೆಲ್ಲ ಬಾಯಿ ಮುಚ್ಚಿಕೊಂಡಿರುತ್ತಾರೆಯೇ? ಆದ್ದರಿಂದ ಮುಳ್ಳು ಸರಿಯಾಗಿಯೇ ಇದೆ, ಪೆಟ್ರೋಲ್ ಅದರೊಂದಿಗೆ ಸಹಕರಿಸುತ್ತಿಲ್ಲ ಎಂಬುದು ಅವರ ನಿಲುವು.

ಹೆಂಡತಿ ಪುಟ್ಟಮಲ್ಲಮ್ಮ ಒಮ್ಮೆ ಟ್ಯಾಂಕಿನೊಳಗೆ ಪೊರಕೆಕಡ್ಡಿ ಇಳಿಸಿ ನೋಡಿದ್ದುಂಟು.

"ನೋಡಿ, ಕಡ್ಡಿ ತುದಿ ಮಾತ್ರ ನೆಂದದೆ. ಅರ್ಧ ಎಲ್ಲದೆ ಕಣ್ರಿ?"

"ಆ ಕಡ್ಡಿಗೆ ಇಲಾಖೆ ಮುದ್ರೆ ಅದಾ?"

"ಪೊರಕೆಗೆ ಯಾರು ಮುದ್ರೆ ಒತ್ತಾರು?"

"ಮುದ್ರೆ ಇಲ್ದಿರೋ ಅಳತೆ ಊರ್ಜಿತ ಅಲ್ಲ," ಎಂದ ಸದಾಶಿವಪ್ಪನವರು ಕಡ್ಡಿಯನ್ನು ಜಪ್ತಿ ಮಾಡಿ, ಮುರಿದು, ಹಲ್ಲು ಚುಚ್ಚಿಕೊಂಡರು.

ಕೊಳ್ಳೇಗಾಲ-ಹನೂರು-ಯಳಂದೂರು ಹಳೇ ಕಾರು ಮಾಲೀಕರ ಕ್ಷೇಮಾಭಿವೃದ್ಧಿ ಸಂಘ ಹುಟ್ಟಿದಾಗ ಇಂಥ ನಿಷ್ಠುರ ಮನುಷ್ಯರೇ ಅಧ್ಯಕ್ಷರಾದರು. ಸಂಘದ ಹದಿನೇಳು ಸದಸ್ಯರಿಗೂ ಇದ್ದದ್ದು ಒಂದೇ ಧ್ಯೇಯ: ತಮ್ಮ ಕಾರನ್ನು ಇನ್ನೊಬ್ಬರ ತಲೆಗೆ ಕಟ್ಟುವುದು. ಕೊಳ್ಳಲು ಬಂದವನು ಮೊದಲು ಕೇಳುವುದು 'ಎಷ್ಟು ಕೊಡುತ್ತೆ?' ಎಂದು. ಎಲ್ಲರೂ ಲೀಟರಿಗೆ ಇಪ್ಪತ್ನಾಲ್ಕು ಎನ್ನುತ್ತಿದ್ದರು, ಯಾರೂ ನಂಬುತ್ತಿರಲಿಲ್ಲ. ಹೀಗಾಗಿ ಮೈಲೇಜ್ ಪ್ರಮಾಣಪತ್ರ ನೀಡಲು ಸಂಘ ತೀರ್ಮಾನಿಸಿತು. ಹನೂರಿಗೆ ಇಪ್ಪತ್ನಾಲ್ಕು ಕಿಲೋಮೀಟರ್. ಅಧ್ಯಕ್ಷರ ಕಾರಿಗೆ ಒಂದೇ ಲೀಟರ್ ಸುರಿಯುವುದು, ಅದು ಹನೂರು ಮುಟ್ಟಿದರೆ ಹದಿನೇಳು ಕಾರಿಗೂ ಅದೇ ಮೈಲೇಜು ಅನ್ವಯ. ಇದು ನಿಯಮ ನಾಲ್ಕು.

ಕಾರ್ಯದರ್ಶಿ ಮುದ್ದಯ್ಯನವರು ರೇಷ್ಮೆ ಸೀರೆ ನೇಯುವ ನಾಲ್ಕು ಮಗ್ಗದ ಯಜಮಾನರು. ಅವರ ಕಾರಿಗೆ ಮಾರ್ಟಳ್ಳಿಯ ರಂಗರಾಜು ಎಂಬ ಗಿರಾಕಿ ಆಗಲೇ ಸಿಕ್ಕಿದ್ದ. ಪ್ರಮಾಣಪತ್ರ ಒಂದು ಬಂದರೆ ಆಯಿತು.

ಈ ಪರೀಕ್ಷೆಯ ಯಾತ್ರೆ ಗೊತ್ತಾದ ದಿನವೇ ಹನೂರಿನಲ್ಲಿ ಪುಟ್ಟಮಲ್ಲಮ್ಮನ ತಂಗಿಯ ಮಗಳು ದಿವ್ಯಳ ನಿಶ್ಚಿತಾರ್ಥ, ಹನ್ನೊಂದು ಗಂಟೆಗೆ.

"ಇವತ್ತೊಂದಿನ ಬಸ್ಸಲ್ಲಿ ಓಗವ ಕಣ್ರಿ."

"ಅರ್ಧ ಟ್ಯಾಂಕ್ ಮಡಿಕಂಡು ಬಸ್ ಹತ್ತೋರು ಉಂಟಾ?"

ಟ್ಯಾಂಕ್ ಬರಿದು ಮಾಡಿ, ಮುದ್ರೆಯೊತ್ತಿದ ಡಬ್ಬಿಯಿಂದ ಒಂದು ಲೀಟರ್ ಸುರಿದರು. ಮುಳ್ಳು ಅರ್ಧದಲ್ಲೇ ಇತ್ತು. ಪುಟ್ಟಮಲ್ಲಮ್ಮ ಹಣ್ಣಿನ ತಟ್ಟೆ ಮಡಿಲಲ್ಲಿಟ್ಟುಕೊಂಡು ಕೂತರು. ಹಳೇ ಕಾರು ಮಾಲೀಕರೆಲ್ಲ ಬಾಡಿಗೆಯ ಹೊಸ ವ್ಯಾನಿನಲ್ಲಿ ಹಿಂಬಾಲಿಸಿದರು.

ಮಧುವನಹಳ್ಳಿ ದಾಟಿ, ಹನ್ನೊಂದನೇ ಕಿಲೋಮೀಟರಿನಲ್ಲಿ, ಮಾದೇಶನ ಎಳನೀರು ಅಂಗಡಿಯ ಮುಂದೆ ಕಾರು ಎರಡು ಸಲ ಕೆಮ್ಮಿ ನಿಂತಿತು. 'ಮುಳ್ಳು ಕೆಟ್ಟಿದೆ' ಎಂಬ ಎರಡೇ ಮಾತು ಸದಾಶಿವಪ್ಪನವರ ನಾಲಗೆಯ ತುದಿಗೆ ಬಂದಿತ್ತು. ಹೆಂಡತಿ ಅದನ್ನೇ ಕಾಯುತ್ತ ಅವರ ಮುಖ ನೋಡುತ್ತಿದ್ದರು. ಅಷ್ಟರಲ್ಲಿ ವ್ಯಾನಿನಿಂದ ಹದಿನಾರು ಜನ ಇಳಿದು ಬಂದರು.

"ಪೆಟ್ರೋಲ್ ಆಗೋಯ್ತಾ ಅಧ್ಯಕ್ಷ್ರೇ?" ಎಂದರು ಮುದ್ದಯ್ಯ.

"ಮುಳ್ಳು ನೋಡ್ಕಳಿ."

"ಅರ್ಧ ಅದೆ."

"ಅರ್ಧ ಅದೆ ಅಂದ್ಮೇಲೆ ಪೆಟ್ರೋಲ್ ಇಲ್ದೆ ನಿಂತಿಲ್ಲ ಅಂತಾಯ್ತು."

"ಮತ್ಯಾಕೆ ನಿಂತದೆ?"

"ಊರು ಬಂದದೆ, ನಿಂತದೆ."

ಮಾದೇಶ ಮಚ್ಚು ಕೆಳಗಿಟ್ಟ. "ಇದು ಅನೂರಲ್ಲ ಸಾ. ಅನೂರು ಇನ್ನೂ ಹದಿಮೂರು ಕಿಲೋಮೀಟ್ರದೆ. ಅಗೋ, ಕಲ್ ಮೇಲೆ ಬರ್ದವ್ರೆ."

"ಆ ಕಲ್ಲಿಗೆ ಇಲಾಖೆ ಮುದ್ರೆ ಅದಾ?"

ಮಾದೇಶ ಹೋಗಿ ಕಲ್ಲನ್ನು ನಾಲ್ಕೂ ಕಡೆ ಸವರಿ ನೋಡಿ ಬಂದ. ಮುದ್ರೆ ಇರಲಿಲ್ಲ. ಅಲ್ಲೇ ತುರ್ತು ಸಭೆ ಸೇರಿ, ಈ ಕೆಳಕಂಡ ನಿರ್ಣಯವನ್ನು ಸರ್ವಾನುಮತದಿಂದ ಅಂಗೀಕರಿಸಲಾಯಿತು:

'ಅಧ್ಯಕ್ಷರ ವಾಹನವು ಹನೂರಿಗೆಂದು ಹೊರಟು, ಸಾಕಷ್ಟು ಇಂಧನವಿದ್ದಾಗ್ಯೂ ತಾನಾಗಿಯೇ ನಿಂತಿರುವುದರಿಂದ, ನಿಂತ ಸ್ಥಳವನ್ನು ಹನೂರೆಂದು ಭಾವಿಸತಕ್ಕದ್ದು. ಟ್ಯಾಂಕಿನಲ್ಲಿ ಬಾಕಿ ಇರುವ ಅರ್ಧವನ್ನು ಉಳಿತಾಯವೆಂದು ಪರಿಗಣಿಸತಕ್ಕದ್ದು.'

ಪುಟ್ಟಮಲ್ಲಮ್ಮ ತಟ್ಟೆ ಹಿಡಿದು ಕಾರಿನಿಂದ ಇಳಿದರು.

"ನನ್ ತಂಗಿ ಮನೆ ಈ ಅನೂರಲ್ಲಿಲ್ಲ. ನಾನು ಓಯ್ತೀನಿ," ಎಂದವರೇ ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿಬಿಟ್ಟರು. ಸದಾಶಿವಪ್ಪನವರಿಗೆ ನಾಚಿಕೆಯಾಯಿತು. ಆದರೂ ಎಳನೀರು ಅಂಗಡಿಯ ಹಲಗೆಯ ಮೇಲೆ ಹದಿನೇಳು ಪ್ರಮಾಣಪತ್ರಗಳನ್ನು ಹರಡಿಕೊಂಡು, ಒಂದನ್ನೂ ಬಿಡದೆ ಸಹಿ ಹಾಕಿದರು.

ಮುದ್ದಯ್ಯನವರ ಕಾರು ಮಾರಾಟವಾಯಿತು. ಹದಿನೈದು ದಿನಕ್ಕೆ, ಹೇಳಿದ ಮೈಲೇಜಿನ ಅರ್ಧವೂ ಬರುತ್ತಿಲ್ಲವೆಂದು ರಂಗರಾಜು ಕೆಂಡವಾಗಿ ಬಂದ. ಅವನನ್ನು ಮಾದೇಶನ ಅಂಗಡಿಗೆ ಕರೆದೊಯ್ದು, ಅಲ್ಲಿ ಹೊಸದಾಗಿ ನಿಂತಿದ್ದ 'ಹನೂರು' ಎಂಬ ಬೋರ್ಡನ್ನೂ ನಿರ್ಣಯದ ಪ್ರತಿಯನ್ನೂ ತೋರಿಸಲಾಯಿತು. ರಂಗರಾಜು ಎರಡು ಎಳನೀರು ಕುಡಿಯುವಷ್ಟು ಹೊತ್ತು ಯೋಚಿಸಿದ. ಕಾರನ್ನು ಇನ್ನು ಅವನೂ ಮಾರಬೇಕಿತ್ತಲ್ಲ, ಸಂಘದ ಸದಸ್ಯನಾಗಿ ಮನೆಗೆ ಹೋದ. ಎಳನೀರಿಗೆ ಇಳಿಯುವವರು ಹೆಚ್ಚಾದಂತೆ ಬಸ್ಸುಗಳೂ ಅಲ್ಲಿ ನಿಲ್ಲತೊಡಗಿದವು.

ನಾಲ್ಕು ತಿಂಗಳಿಗೆ ದಿವ್ಯಳ ಮದುವೆ ಬಂತು. ಕಾರಿನ ಅರ್ಧ ಟ್ಯಾಂಕ್ ಉಳಿತಾಯಕ್ಕೆ ಕೈ ಹಾಕಬಾರದೆಂದು ಸದಾಶಿವಪ್ಪನವರು ಈ ಸಲ ತಾವೇ ಬಸ್ಸಿನ ಮಾತು ತೆಗೆದರು. ಅವರಿಗೆ ಆ ಮದುವೆ ನೋಡುವ ಆಸೆ ನಿಜವಾಗಿಯೂ ಇತ್ತು. ಆ ಹುಡುಗಿಯನ್ನು ಎತ್ತಿ ಆಡಿಸಿದವರು ಅವರು. ಹೊಸ ಪಂಚೆ ಉಟ್ಟು, ಕಂಡಕ್ಟರಿಗೆ "ಹನೂರಿಗೆ ಎರಡು" ಎಂದರು.

ಮಧುವನಹಳ್ಳಿ ದಾಟಿತು. ಬಸ್ಸು ನಿಂತಿತು.

"ಅನೂರು, ಅನೂರು. ಯಾರ್ರೀ ಇಳಿಯೋರು?" ಎಂದು ಕಂಡಕ್ಟರ್ ಕೂಗಿ, ಸದಾಶಿವಪ್ಪನವರ ಗುರುತು ಹಿಡಿದ. "ಏಳಿ ಸಾ, ನಿಮ್ಮೂರು ಬಂತು."

ಬಸ್ಸಿನವರೆಲ್ಲ ತಿರುಗಿ ನೋಡಿದರು. ಅದರಲ್ಲಿ ಸಂತೆಯ ಇಬ್ಬರು ಮೂವರು ವ್ಯಾಪಾರಿಗಳೂ ಇದ್ದರು. ಸದಾಶಿವಪ್ಪನವರು ಹೆಂಡತಿಯ ಮುಖ ನೋಡಿದರು.

"ಮುಳ್ಳು ಕೆಟ್ಟದೆ ಅಂದ್ಬುಡಿ. ಕೂತ್ಕಂಡು ಮದ್ವೆಗೆ ಓಗವ," ಎಂದರು ಪುಟ್ಟಮಲ್ಲಮ್ಮ ಮೆಲ್ಲಗೆ.

ಸದಾಶಿವಪ್ಪನವರು ಪಂಚೆ ಸರಿಪಡಿಸಿಕೊಂಡು ಎದ್ದು ಇಳಿದರು. ಬಸ್ಸು ಪುಟ್ಟಮಲ್ಲಮ್ಮನನ್ನು ಕರೆದುಕೊಂಡು ಮದುವೆಯ ಕಡೆ ಹೋಯಿತು.

"ಯಾವಾಗ ಬಂದ್ರಿ ಸಾ ಅನೂರ್ಗೆ?" ಎಂದು ಮಾದೇಶ ಕೇಳಿದ.

"ಈಗ ಬಂದೆ ಕಣಪ್ಪ," ಎಂದು ಅವರು ಬೋರ್ಡಿನ ನೆರಳಿನಲ್ಲಿ ಕೂತರು.