ಬಿಸಿ ಮೀರಿದರೆ ತಾನಾಗಿಯೇ ಆರುವ ಫರ್ನೇಸ್ ಅವರ ಸನ್ನಿಧಾನಕ್ಕೆ

ಮಾನ್ಯರೇ,

ಹಳೇಬೀಡಿನಿಂದ ಬಸ್ತಿಹಳ್ಳಿ ದಾಟಿ ಸ್ವಲ್ಪ ಮುಂದೆ ಬಂದರೆ ಎಡಕ್ಕೆ ಸಿಗುವ ಕಲ್ಪವೃಕ್ಷ ಮಣ್ಣು ಮತ್ತು ಭಸ್ಮ ಸಂಶೋಧನಾ ಕೇಂದ್ರದ ಆಗ್ನೇಯ ಮೂಲೆಯಲ್ಲಿ ವಿರಾಜಮಾನರಾಗಿರುವ, ತೆಂಗಿನ ಗರಿ, ಮಟ್ಟೆ, ಚಿಪ್ಪು ಏನು ಕೊಟ್ಟರೂ ಎದುರಾಡದೆ ಬೂದಿ ಮಾಡಿ ಹಿಂದಿರುಗಿಸುವ, ಹೊಟ್ಟೆಯೊಳಗೆ ಅಷ್ಟು ಬೆಂಕಿ ಇಟ್ಟುಕೊಂಡೂ ಹೊರಗೆ ಕಬ್ಬಿಣದ ಬೀರುವಿನಂತೆ ಗಂಭೀರವಾಗಿ ಕಾಣುವ ವಿದ್ಯುತ್ ಫರ್ನೇಸ್ ಅವರಿಗೆ, ಅದೇ ಕೇಂದ್ರದ ಕಿರಿಯ ವಿಜ್ಞಾನಿಯೂ ಅರಸೀಕೆರೆಯಿಂದ ದಿನಾ ಬಸ್ಸಿನಲ್ಲಿ ಬಂದು ತಮ್ಮ ದರ್ಶನ ಪಡೆಯುವವಳೂ ಆದ ದ್ರಾಕ್ಷಾಯಣಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನನಗೆ ಗೊತ್ತು, ಏಕೆಂದರೆ ತಮ್ಮ ಕ್ಷೇಮಸಮಾಚಾರ ಪ್ರತಿ ಸೋಮವಾರ ನಿರ್ದೇಶಕರ ಮೇಜಿಗೆ ಹೋಗುತ್ತದೆ. ಇಲ್ಲಿ ನಾವೆಲ್ಲರೂ ಕ್ಷೇಮ ಎಂದು ಮುಂದಿನ ಸಾಲಿನಲ್ಲಿ ಬರೆಯುವುದು ವಾಡಿಕೆ. ಅದನ್ನು ಬರೆಯಲು ಕೈ ಬಾರದ್ದರಿಂದಲೇ ಈ ಪತ್ರ.

ತಮಗೆ ಓದಲು ಬರುವುದಿಲ್ಲ, ಪತ್ರ ಬರೆದು ಏನು ಪ್ರಯೋಜನ ಎಂದು ಸಹೋದ್ಯೋಗಿಗಳು ನಗುತ್ತಿದ್ದಾರೆ. ಇದೇ ವಿಷಯವಾಗಿ ನಾನು ಈ ಹಿಂದೆ ಬರೆದ ಮನವಿಗಳನ್ನು ಚೆನ್ನಾಗಿ ಓದಲು ಬರುವವರಿಗೇ ಕಳಿಸಿದ್ದೆ. ಅವುಗಳ ಗತಿ ನೋಡಿದ ಮೇಲೆ, ಓದು ಬಾರದ ತಮ್ಮ ಮೇಲೆಯೇ ನನಗೆ ಹೆಚ್ಚು ಭರವಸೆ ಮೂಡಿದೆ.

ವಿಷಯ ಲಾವಣ್ಯಳದು. ದಿನವಿಡೀ ತಮ್ಮ ಎದುರಿನ ಸ್ಟೂಲಿನ ಮೇಲೆ ಕೂರುವ ಹುಡುಗಿ, ಬಿಕ್ಕೋಡಿನವಳು, ತಾಯಿ ಮರಿಯಮ್ಮ ಕಾಫಿ ಎಸ್ಟೇಟಿನಲ್ಲಿ ದುಡಿದು ಓದಿಸಿದವರು. ರೋಗ ತಗುಲಿದ ತೆಂಗಿನ ಮರದ ಗರಿಯನ್ನು ಸುಟ್ಟು, ಉಳಿದ ಬೂದಿಯಲ್ಲಿ ಏನಿದೆ ಏನಿಲ್ಲ ಎಂದು ನೋಡಿ, ತೋಟದ ಮಣ್ಣಿಗೆ ಏನು ಕಡಿಮೆಯಾಗಿದೆ ಎಂದು ಹೇಳುವುದು ಅವಳ ಪಿಎಚ್.ಡಿ. ಕೆಲಸ. ತಮಗೆ ಬೇಕಾದ ತ್ರೀ ಫೇಸ್ ಕರೆಂಟು ನಮ್ಮ ಕಡೆ ಯಾವಾಗ ಬರುತ್ತದೆ ಎಂಬುದು ಯಾರಿಗೂ ತಿಳಿಯದ ವಿಚಾರವಾದ್ದರಿಂದ, ಕರೆಂಟು ಬಂದಾಗ ತೋಟದವರು ಪಂಪ್‌ಸೆಟ್ಟಿನ ಕಡೆ ಓಡುವಂತೆ ಅವಳು ತಮ್ಮ ಕಡೆ ಓಡುತ್ತಾಳೆ. ಊಟದ ಮಧ್ಯೆ ಓಡಿದ್ದಾಳೆ, ತಲೆಗೆ ಎಣ್ಣೆ ಹಚ್ಚಿಕೊಂಡು ಕೂತವಳು ಹಾಗೇ ಎದ್ದು ಓಡಿದ್ದಾಳೆ. ಮೊದಮೊದಲು ಹಾಡು ಗುನುಗುತ್ತಾ ಓಡುತ್ತಿದ್ದಳು. ಆಮೇಲೆ ಸುಮ್ಮನೆ ಓಡತೊಡಗಿದಳು.

ತಾವು ಮಾಡುವ ಕೆಲಸಕ್ಕೆ ಲೋಕದಲ್ಲಿ ಎಷ್ಟು ಜನ ವಾರಸುದಾರರಿದ್ದಾರೆ ಎಂಬುದು ತಮಗೆ ತಿಳಿದಿರಲಾರದು. ಕಳೆದ ಮಳೆಗಾಲದಲ್ಲಿ ನಮ್ಮ ನಿರ್ದೇಶಕರಾದ ಕುಮಾರಸ್ವಾಮಿಯವರು ‘ವಿಜ್ಞಾನಗಳಲ್ಲಿ ದಹನ’ ಎಂಬ ವಿಚಾರ ಸಂಕಿರಣವನ್ನು ಅರಸೀಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ, ಹಿಂದಿನ ದಿನದ ವಧೂವರರ ಹೆಸರು ಇನ್ನೂ ಅಳಿಸದ ವೇದಿಕೆಯ ಮೇಲೆ ನಡೆಸಿದರು. ಆಮ್ಲಜನಕ ಇಲ್ಲದೆ ದಹನವೇ ಇಲ್ಲ ಎಂದು ರಸಾಯನಶಾಸ್ತ್ರದವರು ಸಾಧಿಸಿ ಕೂತ ಕೂಡಲೇ, ಸೂರ್ಯನಲ್ಲಿ ಆ ಬಗೆಯ ಬೆಂಕಿಯೇ ಇಲ್ಲದಿದ್ದರೂ ನಾವು ಅದನ್ನು ಉರಿಯುವುದು ಎಂದೇ ಕರೆಯುತ್ತೇವೆ, ಉಳಿಯುವ ಹೀಲಿಯಂ ಅನ್ನು ಬೂದಿ ಎನ್ನುತ್ತೇವೆ ಎಂದು ಖಗೋಳದವರು ಎದ್ದರು. ಕಾಡ್ಗಿಚ್ಚು ಹರಡಬಾರದೆಂದು ಕಾಡಿನ ಅಂಚನ್ನು ನಾವೇ ಮೊದಲು ಸುಡುತ್ತೇವೆ ಎಂದು ಅರಣ್ಯದವರು ಹೆಮ್ಮೆಪಟ್ಟರು. ಇಲ್ಲಿ ಸುಮ್ಮನೆ ಕೂತವರೂ ಒಳಗೊಳಗೇ ಉರಿಯುತ್ತಿದ್ದೀರಿ ಎಂದು ಆಹಾರತಜ್ಞರು ಹೇಳಿದಾಗ ಸಭೆಗೆ ಹಸಿವಾಯಿತು. ಕಂಪ್ಯೂಟರಿನಲ್ಲಿ ಲೆಕ್ಕ ಓಡಿಸುವಾಗ ಮೊದಲ ಒಂದಷ್ಟು ಫಲಿತಾಂಶವನ್ನು ‘ಬರ್ನ್ ಇನ್’ ಎಂದು ಕರೆದು ಎಸೆದುಬಿಡುತ್ತೇವೆ ಎಂದರು ಸಂಖ್ಯಾಶಾಸ್ತ್ರದವರು; ನಮ್ಮಲ್ಲಿ ಆ ಪದ್ಧತಿ ಪಿಎಚ್.ಡಿ.ಯ ಮೊದಲ ವರ್ಷ ಎಂಬ ಹೆಸರಿನಲ್ಲಿ ಚಾಲ್ತಿಯಲ್ಲಿದೆ. ರಾಕೆಟ್ಟಿನವರು ಹೇಳಿದ್ದು ಮಾತ್ರ ನನ್ನ ಮನಸ್ಸಿನಲ್ಲಿ ಉಳಿಯಿತು. ಇಂಧನವೆಲ್ಲ ತೀರಿದ ಮೇಲೂ ರಾಕೆಟ್ಟು ಮೊದಲಿನ ವೇಗದ ಬಲದಿಂದಲೇ ಇನ್ನಷ್ಟು ದೂರ ಮೇಲಕ್ಕೆ ಹೋಗುತ್ತಿರುತ್ತದಂತೆ, ಕೆಳಗಿನಿಂದ ನೋಡುವವರಿಗೆ ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತದಂತೆ.

ಕೊನೆಗೆ ಮಾತಾಡಿದವರು ಮನಶ್ಶಾಸ್ತ್ರದ ಶಿಲ್ಪಾ ಮೇಡಂ. ದುಡಿದು ದುಡಿದು ಬರ್ನ್‌ಔಟ್ ಆದವರು ಮೊದಲು ದಣಿಯುತ್ತಾರೆ, ಆಮೇಲೆ ಎಲ್ಲದರ ಮೇಲೂ ತಾತ್ಸಾರ ಬೆಳೆಸಿಕೊಳ್ಳುತ್ತಾರೆ, ಕೊನೆಗೆ ಏನೂ ಅನ್ನಿಸದ ಸ್ಥಿತಿಗೆ ಬರುತ್ತಾರೆ, ಆಗ ಸರಿಪಡಿಸಬೇಕಾದದ್ದು ಆ ಮನುಷ್ಯರನ್ನಲ್ಲ, ಅವರು ಕೆಲಸ ಮಾಡುವ ಜಾಗವನ್ನು ಎಂದು ಅವರು ಬಿಡಿಸಿ ಬಿಡಿಸಿ ಹೇಳಿದರು. ಇದನ್ನು ಕೇಳಲೇಬೇಕಾಗಿದ್ದ ಲಾವಣ್ಯ ಆ ಹೊತ್ತಿಗೆ ಹಿಂದಿನ ಅಡುಗೆಮನೆಯಲ್ಲಿ ಅತಿಥಿಗಳ ಊಟದ ಎಲೆ ಸರಿಪಡಿಸುತ್ತಿದ್ದಳು, ಏಕೆಂದರೆ ಸಂಕಿರಣದ ವ್ಯವಸ್ಥೆ ಅವಳಿಗೇ ವಹಿಸಲಾಗಿತ್ತು. ವಂದನಾರ್ಪಣೆಯಲ್ಲಿ ನಿರ್ದೇಶಕರು ಶಿಲ್ಪಾ ಮೇಡಂ ಅವರ ಮಾತಿನ ಸಾರಾಂಶ ಕೊಡುತ್ತಾ, ಆದ್ದರಿಂದ ನಾವೆಲ್ಲರೂ ಬೆಳಿಗ್ಗೆ ಬೇಗ ಎದ್ದು ಪ್ರಾಣಾಯಾಮ ಮಾಡಬೇಕು ಎಂದರು.

ಇನ್ನು ಆಯುಧಪೂಜೆಯ ಪ್ರಸಂಗಕ್ಕೆ ಬರುತ್ತೇನೆ, ಅದರಲ್ಲಿ ತಮ್ಮ ಪಾತ್ರವೂ ಇದೆ. ಅಂದು ತಮ್ಮನ್ನು ಒರೆಸಿ, ಚೆಂಡುಹೂವಿನ ಹಾರ ಹಾಕಿ, ಸ್ವಿಚ್ಚಿಗೆ ಕುಂಕುಮ ಇಟ್ಟು, ಪಕ್ಕದ ತಕ್ಕಡಿಗೂ ಸೂಕ್ಷ್ಮದರ್ಶಕಕ್ಕೂ ಸಮಾನ ಮರ್ಯಾದೆ ಮಾಡಿದೆವು. ನನ್ನ ತಾಯಿ ಸುವರ್ಣಮ್ಮ ಮಗಳ ಆಫೀಸಿನ ಪೂಜೆ ಎಂದು ಅರಸೀಕೆರೆಯಿಂದ ಮಂಡಕ್ಕಿ, ಪಾಯಸ ಕಟ್ಟಿಸಿಕೊಂಡು ಬಂದಿದ್ದರು. ತಂದಿದ್ದ ಚೀಲದಲ್ಲಿ ವಿಭೂತಿ ಗಟ್ಟಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ವಿಭೂತಿ ಇಲ್ಲದೆ ಎಂಥ ಪೂಜೆ ಎಂದು ಅವರು ಸುತ್ತ ಕಣ್ಣಾಡಿಸಿದಾಗ, ತಮ್ಮ ಎದುರಿನ ಮೇಜಿನ ಮೇಲೆ, ದಪ್ಪ ಗಾಜಿನ ಪಾತ್ರೆಯೊಳಗೆ, ಮುಚ್ಚಳವಿರುವ ಪಿಂಗಾಣಿ ಬಟ್ಟಲಿನಲ್ಲಿ, ಹಿಟ್ಟಿಗಿಂತ ನುಣುಪಾದ ಬಿಳಿ ಬೂದಿ ಕಂಡಿತು. ನಮ್ಮ ಮನೆಯಲ್ಲಿ ವಿಭೂತಿ ಇಡುವುದೂ ಹಾಗೆಯೇ, ಮುಚ್ಚಳದ ಬಟ್ಟಲಿನಲ್ಲಿ, ಯಾರೂ ಕೈ ಹಾಕದ ಗೂಡಿನಲ್ಲಿ. ಬೂದಿಗೆ ಅಷ್ಟು ಮರ್ಯಾದೆ ಕೊಟ್ಟಿದ್ದಾರೆ ಎಂದರೆ ಅದು ಇನ್ನೇನಾಗಿರಲು ಸಾಧ್ಯ ಎಂದು ಅವರು ಯೋಚಿಸಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಮೊದಲ ಮೂರು ಗೆರೆ ತಮ್ಮ ಹಣೆಗೇ ಬಿತ್ತು. ಆಮೇಲೆ ನಿರ್ದೇಶಕರು ತಲೆ ಬಾಗಿಸಿ ಹಚ್ಚಿಸಿಕೊಂಡು, ಬೆರಳಿಗೆ ಅಂಟಿದ್ದನ್ನು ಉಜ್ಜಿ ನೋಡಿ, “ಬಹಳ ನಯವಾಗಿದೆಯಲ್ಲ ತಾಯಿ, ಯಾವ ಮಠದ್ದು?” ಎಂದು ಕೇಳಿದರು. ನನಗೂ ಆಯಿತು, ನಂಜಪ್ಪ ಅಟೆಂಡರಿಗೂ ಆಯಿತು. ಒಡೆಯುವ ಕುಂಬಳಕಾಯಿ ಎತ್ತಿಕೊಂಡು ಕೊನೆಗೆ ಒಳಗೆ ಬಂದ ಲಾವಣ್ಯಳ ಹಣೆಗೆ ಅಮ್ಮ ಬಟ್ಟಲಿನ ತಳದಲ್ಲಿದ್ದದ್ದನ್ನೆಲ್ಲ ಒರೆಸಿ ಧಾರಾಳವಾಗಿ ಹಚ್ಚಿ, ಬೇಗ ಮದುವೆಯಾಗಲಿ ಎಂದು ಹರಸಿದರು. ಲಾವಣ್ಯ ಬಟ್ಟಲನ್ನು ನೋಡಿದಳು. ಅವಳು ನೋಡಿದ್ದನ್ನು ನೋಡಿ ನನಗೆ ಅರ್ಥವಾಯಿತು.

ಅದು ಹುಚ್ಚಣ್ಣ ಎಂಬ ರೈತರ ತೋಟದ ಒಂದು ತೆಂಗಿನ ಮರದ ಬೂದಿ. ರೋಗ ತಗುಲಿಯೂ ವರ್ಷಗಟ್ಟಲೆ ಕಾಯಿ ಬಿಟ್ಟ ಒಂದೇ ಒಂದು ಮರ ಅದು. ಉಳಿದವಕ್ಕೆ ಇಲ್ಲದ್ದು ಅದಕ್ಕೆ ಏನಿತ್ತು ಎಂಬುದೇ ಅವಳ ಪ್ರಬಂಧದ ಕೊನೆಯ ಪ್ರಶ್ನೆ. ಗಾಡಿ ದಾರಿಗೆಂದು ಆ ಮರವನ್ನು ಆಗಲೇ ಕಡಿದು ಹಾಕಿದ್ದರು. ಕೂಡಿಟ್ಟಿದ್ದ ಗರಿಯೆಲ್ಲ ತಮ್ಮ ಹೊಟ್ಟೆ ಸೇರಿ ಬೂದಿಯಾಗಿ, ತೂಕ ಮಾಡುವ ಮೊದಲು ಆರಲೆಂದು ಆ ಬಟ್ಟಲಿನಲ್ಲಿ ಕೂತಿತ್ತು. ಸಂಶೋಧನೆಯ ಫಲಿತಾಂಶವನ್ನು ಹಣೆಯ ಮೇಲೆ ಹೊತ್ತ ವಿಜ್ಞಾನಿಗಳು ಜಗತ್ತಿನಲ್ಲಿ ಬೇರೆಲ್ಲೂ ಇರಲಾರರು. ಆ ದಿನ ನಮ್ಮ ಕೇಂದ್ರದಲ್ಲಿ ಎಲ್ಲರೂ ಹಾಗೆಯೇ ಇದ್ದೆವು.

ಅವಳು ಅಳುತ್ತಾಳೆ, ಕೂಗಾಡುತ್ತಾಳೆ ಎಂದು ನಾನು ಕಾದೆ. ಅಮ್ಮನಂತೂ ವಿಷಯ ತಿಳಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ಲಾವಣ್ಯ ಎಲ್ಲರಿಗೂ ಪಾಯಸ ಬಡಿಸಿದಳು, ಬಟ್ಟಲನ್ನು ತೊಳೆದು ಒಣಗಿಸಿ ಜಾಗದಲ್ಲಿಟ್ಟಳು, ಮರುದಿನ ಬೇರೆ ಮರದ ಗರಿ ಹಿಡಿದು ತಮ್ಮ ಮುಂದೆ ಬಂದು ಕೂತಳು. ತಾಳಲಾರದೆ ನಾನೇ ಪಕ್ಕಕ್ಕೆ ಕರೆದು ಕೇಳಿದೆ. “ಅಕ್ಕಾ, ನಂಗೆ ಬೇಜಾರೂ ಆಯ್ತಿಲ್ಲ ಕಣಕ್ಕ. ಅದಕ್ಕೇ ಹೆದ್ರಿಕೆ ಆಯ್ತೈತೆ” ಎಂದಳು.

ಆ ವಾರವೇ ಒತ್ತಾಯ ಮಾಡಿ ಮಧ್ಯಾಹ್ನದ ಮೇಲೆ ಅವಳನ್ನು ಊರಿಗೆ ಕಳಿಸಿದೆ. ಸಂಜೆ ತಿರುಗಿ ಬಂದಳು. ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ಬಿಕ್ಕೋಡಿನ ಬಸ್ಸು ಕಣ್ಣ ಮುಂದೆಯೇ ನಿಂತಿದ್ದು ಹೊರಟಿತಂತೆ, ಹತ್ತಬೇಕು ಎಂದು ಅನ್ನಿಸಲೇ ಇಲ್ಲವಂತೆ. ಅವಳು ಸಂಶೋಧನೆ ಬಿಟ್ಟುಹೋಗುತ್ತಾಳೆ ಎಂಬ ಭಯ ನನಗಿಲ್ಲ ಮಾನ್ಯರೇ. ಬಿಟ್ಟೂ ಹೋಗದೆ, ಏನೂ ಅನ್ನಿಸದೆ, ಹೀಗೇ ತಮ್ಮ ಮುಂದೆ ಕೂತುಬಿಡುತ್ತಾಳೆ ಎಂಬ ಭಯ.

ಅವಳಿಗೆ ರಜೆ ಕೊಡಿ ಎಂದು ನಿರ್ದೇಶಕರಿಗೆ ಬರೆದೆ. ಡಿಸೆಂಬರ್ ಕಳೆಯಲಿ ಎಂದರು. ಮತ್ತೆ ಬರೆದೆ; ಸಿಬ್ಬಂದಿಯ ಮನೋಲ್ಲಾಸಕ್ಕಾಗಿ ಭಾನುವಾರ ಇಡೀ ದಿನದ ಶಿಬಿರ ಏರ್ಪಡಿಸಿ, ಹಾಜರಾತಿ ಕಡ್ಡಾಯ ಮಾಡಿದರು. ಶಿಬಿರದಲ್ಲಿ ಬಲೂನು ಊದಿಸಿದರು. ಲಾವಣ್ಯ ಚೆನ್ನಾಗಿಯೇ ಊದಿದಳು, ಬಹುಮಾನವಾಗಿ ನೀರಿನ ಬಾಟಲಿ ಬಂತು.

ಇಷ್ಟರಲ್ಲಿ ತಮಗೆ ಮೈ ಸರಿಯಿಲ್ಲದಾಯಿತು. ತಮ್ಮ ಬೆನ್ನಿನಲ್ಲಿರುವ ಪುಟ್ಟ ಸಾಧನ, ಬಿಸಿ ಮಿತಿ ಮೀರಿದೆ ಎಂದು ಕರೆಂಟು ಕತ್ತರಿಸಿ ಕೆಂಪು ದೀಪ ಮಿಣುಕಿಸಿತು. ಮೀಟಿಂಗಿನಲ್ಲಿದ್ದ ನಿರ್ದೇಶಕರು ಚಹಾ ಬಿಟ್ಟು ಓಡಿ ಬಂದರು, ತಮ್ಮ ಕಡೆಗೆ ಫ್ಯಾನು ತಿರುಗಿಸಿದರು, ತಮ್ಮ ಬಳಿ ಜೋರಾಗಿ ಮಾತಾಡಬಾರದು ಎಂಬಂತೆ ಎಲ್ಲರನ್ನೂ ಹೊರಗೆ ಕಳಿಸಿದರು. ಬೆಂಗಳೂರಿನಿಂದ ಬಂದ ಸರ್ವಿಸ್ ಎಂಜಿನಿಯರ್ ಚನ್ನೇಶ್ ತಮ್ಮ ಹೊಟ್ಟೆ ತೆರೆದು ನೋಡಿ, ಒಂದೇ ಸಮ ಓಡಿಸಿದ್ದೀರಿ, ವಾರಕ್ಕೊಮ್ಮೆಯಾದರೂ ತಣಿಯಲು ಬಿಡಬೇಕಲ್ಲವೇ ಎಂದು ಗದರಿದರು. ನಿರ್ದೇಶಕರು ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತಿದ್ದರು. ತಮ್ಮನ್ನು ಕಾಯಿಸುವ ತಂತಿಸುರುಳಿ ಸುಟ್ಟಿತ್ತೆಂದು ಹೊಸ ಕಾಯಿಲ್ ಬಂತು, ಪೂರ್ತಿ ವಿಶ್ರಾಂತಿ ಸಿಕ್ಕಿತು. ಆ ವಿಶ್ರಾಂತಿಯ ದಿನಗಳಲ್ಲಿ ಲಾವಣ್ಯಳನ್ನು ಉಗ್ರಾಣದ ಬಾಟಲಿಗಳಿಗೆ ಚೀಟಿ ಅಂಟಿಸಲು ಹಾಕಿದರು.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ, ಬೂದಿಯ ಅಪರಾಧದಿಂದ ಇನ್ನೂ ಕುಗ್ಗಿಯೇ ಇದ್ದ ನನ್ನ ತಾಯಿ ಒಲೆಯ ಮುಂದಿನಿಂದ ತಿರುಗಿ ನೋಡದೆ ಹೇಳಿದರು: “ಆ ಹುಡ್ಗಿ ತಳ ಹಿಡ್ದೈತೆ ಕಣೇ. ಮ್ಯಾಲಿಂದ ನೋಡುದ್ರೆ ಗೊತ್ತಾಗಕಿಲ್ಲ. ಮೊದ್ಲು ಒಲೆಯಿಂದ ಇಳ್ಸಿ, ಸೌಟು ಹಾಕಿ ತಿರುವ್ತಾ ಕೂರ್ಬ್ಯಾಡಿ.” ವಿಚಾರ ಸಂಕಿರಣಕ್ಕೆ ಅವರನ್ನು ಕರೆಯದಿದ್ದದ್ದು ನಮ್ಮ ತಪ್ಪು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆ ಏನೆಂದರೆ, ತಮ್ಮ ಬೆನ್ನಿನ ಆ ಪುಟ್ಟ ಸಾಧನವನ್ನು ಸಾಧ್ಯವಾದರೆ ಲಾವಣ್ಯಳಿಗೆ ಕೆಲವು ತಿಂಗಳ ಮಟ್ಟಿಗೆ ಎರವಲು ಕೊಡಬೇಕು. ಅವಳ ಹಣೆಯ ಮೇಲೂ ಒಂದು ಕೆಂಪು ದೀಪ ಹತ್ತಿದರೆ ನಿರ್ದೇಶಕರಿಗೆ ಅರ್ಥವಾಗುತ್ತದೆ, ಏಕೆಂದರೆ ದೀಪದ ಭಾಷೆಯಲ್ಲಿ ಅವರು ಪಂಡಿತರು. ಅದು ಆಗದಿದ್ದರೆ ಅವಳನ್ನು ತಮ್ಮ ಬಿಡಿಭಾಗವೆಂದು ಘೋಷಿಸಿ, ತಮ್ಮ ಸರ್ವಿಸ್ ಕರಾರಿನಲ್ಲಿ ಸೇರಿಸಿಕೊಳ್ಳಬೇಕು. ಅದೂ ಕಷ್ಟವೆಂದರೆ ತಾವೇ ಅವಳ ಮಾರ್ಗದರ್ಶಕ ಸಮಿತಿಯ ಅಧ್ಯಕ್ಷತೆ ವಹಿಸಬೇಕು. ಈಗಿರುವ ಸದಸ್ಯರಿಗಿಂತ ಹೆಚ್ಚು ಹೊತ್ತು ತಾವು ಅವಳ ಎದುರು ಕೂತಿದ್ದೀರಿ. ಯಾವುದೂ ಆಗದಿದ್ದರೆ, ಕೊನೆಯ ಪಕ್ಷ, ಪ್ರತಿ ಶುಕ್ರವಾರ ಮಧ್ಯಾಹ್ನ ಸ್ವಲ್ಪ ಕಾಯಿಲೆ ಬೀಳಬೇಕು. ತಮ್ಮ ಕಾಯಿಲೆಯ ಹೊರತು ಅವಳಿಗೆ ಬೇರೆ ರಜೆ ಇಲ್ಲ.

ತಮ್ಮ ಹೊಸ ಕಾಯಿಲ್‌ಗೆ ದೀರ್ಘಾಯುಷ್ಯವನ್ನೂ ನಡುನಡುವೆ ಚಿಕ್ಕಪುಟ್ಟ ಅನಾರೋಗ್ಯವನ್ನೂ ಹಾರೈಸುತ್ತಾ,

ತಮ್ಮ ಬಿಸಿಯಲ್ಲೂ ವಿಶ್ರಾಂತಿಯಲ್ಲೂ ಸಮಾನ ಗೌರವವುಳ್ಳ
ತಮ್ಮ ವಿಶ್ವಾಸಿ,
ದ್ರಾಕ್ಷಾಯಣಿ

ಮರೆತ ಮಾತು: ಪತ್ರ ಬರೆದಿಟ್ಟ ಮರುದಿನ, ಶುಕ್ರವಾರ, ಊಟದ ಹೊತ್ತಿಗೆ ಸರಿಯಾಗಿ ತಮ್ಮ ಕೆಂಪು ದೀಪ ಹತ್ತಿದ್ದಕ್ಕೆ ಕೃತಜ್ಞಳಾಗಿದ್ದೇನೆ. ಹಿಂಬದಿಯ ಮಿತಿಯ ಗುಂಡಿಯನ್ನು ಯಾರೋ ಕೆಳಕ್ಕೆ ತಿರುಗಿಸಿದ ಹಾಗಿದೆ ಎಂದು ನಂಜಪ್ಪ ನನ್ನನ್ನೇ ನೋಡಿ ಹೇಳುತ್ತಿದ್ದಾರೆ. ವಯಸ್ಸಾದವರು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಚನ್ನೇಶ್ ಬರುವವರೆಗೆ ತಮ್ಮನ್ನು ಯಾರೂ ಮುಟ್ಟಕೂಡದೆಂದು ಆದೇಶವಾಗಿದೆ, ತಮ್ಮ ಆರೋಗ್ಯವನ್ನು ಇಡೀ ಕೇಂದ್ರ ವಿಚಾರಿಸುತ್ತಿದೆ. ಲಾವಣ್ಯ ಎಲ್ಲಿ ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಈ ಸಲ ಬೇಲೂರಿನವರೆಗೆ ನಾನೇ ಜೊತೆಗೆ ಹೋಗಿ, ಬಿಕ್ಕೋಡಿನ ಬಸ್ಸು ಹತ್ತಿಸಿ, ಅದು ಹೊರಡುವವರೆಗೆ ನಿಂತಿದ್ದೆ. ಈಗಷ್ಟೇ ಮರಿಯಮ್ಮ ಫೋನ್ ಮಾಡಿದ್ದರು. ಮಗಳು ಬಂದವಳೇ ಉಂಡು ಮಲಗಿದಳಂತೆ, ಎದ್ದವಳು ಕಾರಣವೇ ಹೇಳದೆ ಬಿಕ್ಕಿ ಬಿಕ್ಕಿ ಅಳುತ್ತಿದ್ದಾಳಂತೆ, ಆಸ್ಪತ್ರೆಗೆ ಕರೆದೊಯ್ಯಬೇಕೇ ಎಂದು ಗಾಬರಿಯಿಂದ ಕೇಳಿದರು. ಬೇಡ, ಅಳಲಿ ಬಿಡಿ ಎಂದೆ. ಫೋನ್ ಇಟ್ಟ ಮೇಲೆ ನನಗೆ ಎಷ್ಟು ಸಂತೋಷವಾಯಿತೆಂದರೆ, ನಾನೂ ಸ್ವಲ್ಪ ಅತ್ತೆ. ಸೋಮವಾರದವರೆಗೆ ದಯವಿಟ್ಟು ಗುಣವಾಗಬೇಡಿ.