ಹೋಗದ ಊರಿಗೆ ದಾರಿ ಹೇಳುತ್ತಿದ್ದ ಮಾವ

ಕೆಂಗೇರಿಯಿಂದ ಆಚೆಗೆ ಒಂದು ಹೆಜ್ಜೆಯನ್ನೂ ಇಟ್ಟಿರದ ನಮ್ಮ ಸೋದರಮಾವನಿಗೆ, ಸಮುದ್ರದ ದಂಡೆಯ ಒಂದು ಪುಟ್ಟ ಊರಿನಲ್ಲಿ ಯಾವ ಹೋಟೆಲಿನ ಗೋಳಿಬಜೆ ಎಷ್ಟು ಗಂಟೆಗೆ ಎಣ್ಣೆಗೆ ಬೀಳುತ್ತದೆ ಎಂಬುದು ಗೊತ್ತಿತ್ತು. ಯಾವ ಬಂಡೆಯ ಮೇಲೆ ಕಾಲು ಜಾರುತ್ತದೆ, ಮಕ್ಕಳು ಯಾವ ಕಡೆಯ ಮರಳಿನಲ್ಲಿ ಆಡಬೇಕು, ದೀಪಸ್ತಂಭಕ್ಕೆ ಎಷ್ಟು ಮೆಟ್ಟಿಲು, ಎಲ್ಲವೂ ಬಾಯಿಪಾಠ. ನಂಬುವುದು ಕಷ್ಟ, ಅಲ್ಲವೇ? ನಮಗೂ ಕಷ್ಟವಾಗುತ್ತಿತ್ತು. ಆದರೆ ಹೋಗಿ ಬಂದವರೆಲ್ಲ "ನಿಮ್ಮ ಮಾವ ಹೇಳಿದ ಹಾಗೇ ಇತ್ತು ಕಣ್ರೀ" ಅನ್ನುತ್ತಿದ್ದರು. ಹೋಗದ ಊರಿಗೆ ದಾರಿ ಯಾಕೆ ಕೇಳ್ತೀಯ ಎಂದು ಹಿರಿಯರು ಗದರುವುದುಂಟು. ಹೋಗದ ಊರಿಗೆ ದಾರಿ ಹೇಳುವವರನ್ನು ಹೇಗೆ ಗದರಬೇಕೆಂದು ಮಾತ್ರ ಯಾವ ಹಿರಿಯರೂ ಹೇಳಿಕೊಟ್ಟಿಲ್ಲ!

ಎಪ್ಪತ್ತರ ದಶಕದ ಮಾತು. ಮಾವನ ಮನೆ ರಾಜಾಜಿನಗರದಲ್ಲಿ, ನಮ್ಮ ಮನೆಯಿಂದ ಎರಡು ರಸ್ತೆ ದಾಟಿದರೆ ಸಿಗುತ್ತಿತ್ತು. ಅವರು ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಹಗಲೆಲ್ಲ ಯಂತ್ರಗಳ ನಟ್ಟು ಬೋಲ್ಟುಗಳ ನಕ್ಷೆ ಬರೆದು ಮನೆಗೆ ಬಂದವರು ಸುಮ್ಮನೆ ಕೂತು ಕಾಫಿ ಕುಡಿಯುತ್ತಾರೆಂದುಕೊಂಡಿರಾ? ಊಟದ ಮೇಜಿನ ಮೇಲೆ ನೀಲಿ ಹಾಳೆ ಹಾಸಿ ಆ ಊರಿನ ನಕ್ಷೆ ಬರೆಯುತ್ತಿದ್ದರು. ಬಸ್ ನಿಲ್ದಾಣ, ಮೀನು ಮಾರುಕಟ್ಟೆ, ಅಶ್ವತ್ಥಕಟ್ಟೆ, ದೋಣಿ ಕಟ್ಟುವ ಜಾಗ, ಎಲ್ಲವೂ ಅಳತೆಗೆ ತಕ್ಕಂತೆ. ಒಂದೇ ಒಂದು ವಿಚಿತ್ರವೆಂದರೆ, ಬಸ್ ನಿಲ್ದಾಣದ ಹಿಂದಿನ ಒಂದು ಹೆಂಚಿನ ಹೋಟೆಲಿಗೆ ಮಾತ್ರ ಅರ್ಧ ಹಾಳೆ ಮೀಸಲು. ಅದರ ಬೆಂಚುಗಳು, ಗಲ್ಲಾ, ಹಿತ್ತಿಲ ಬಾಗಿಲು, ಹಿತ್ತಿಲಲ್ಲಿ ಮಾವಿನ ಮರ, ಮರಕ್ಕೊಂದು ಜೋಕಾಲಿ. "ತಿನ್ನುವ ಜಾಗ" ಎಂದು ಹೋಟೆಲಿನ ಮೇಲೆ ಬರೆದಿರುತ್ತಿತ್ತು. "ಆಡುವ ಜಾಗ" ಎಂದು ಜೋಕಾಲಿಯ ಮೇಲೆ. ಅಷ್ಟು ದೊಡ್ಡ ಅರಬ್ಬೀ ಸಮುದ್ರಕ್ಕೆ ಅಂಚಿನಲ್ಲಿ ಎರಡು ಗೆರೆ ಅಲೆ ಸಿಕ್ಕರೆ ಅದೇ ಹೆಚ್ಚು.

ರಾಜಾಜಿನಗರದಿಂದ ವಿಜಯನಗರದವರೆಗೆ ಯಾರೇ ಪಶ್ಚಿಮದ ಕಡೆ ಹೊರಟರೂ ಮಾವನಿಗೆ ಹೇಗೋ ಸುದ್ದಿ ಮುಟ್ಟುತ್ತಿತ್ತು. ನಕ್ಷೆಯ ಸುರುಳಿ ಹಿಡಿದು ಅವರ ಮನೆ ಬಾಗಿಲಲ್ಲಿ ನಿಲ್ಲುತ್ತಿದ್ದರು. ದೇವರಿಗೆ ಹರಕೆ ತೀರಿಸಲು ಹೊರಟ ಒಬ್ಬ ಮೇಷ್ಟ್ರನ್ನು ಹೀಗೆ ಹಿಡಿದರು.

"ಸಾರ್, ನಾವು ಹೋಗ್ತಿರೋದು ದೇವಸ್ಥಾನಕ್ಕೆ. ನಿಮ್ಮೂರು ಅಲ್ಲಿಂದ ಎಂಬತ್ತು ಮೈಲಿ ಆಚೆ ಇದೆ."

"ದೇವರು ಎಲ್ಲಿಗೂ ಓಡಿಹೋಗಲ್ಲ ಮೇಷ್ಟ್ರೇ. ಗೋಳಿಬಜೆ ಮೂರೂವರೆಗೆ ಮಾಡ್ತಾರೆ, ನಾಲ್ಕಕ್ಕೆಲ್ಲ ಖಾಲಿ."

ಮೇಷ್ಟ್ರು ಮೊದಲು ಗೋಳಿಬಜೆಗೆ ಹೋಗಿ, ಆಮೇಲೆ ದೇವರ ಹತ್ತಿರ ಕ್ಷಮೆ ಕೇಳಿದರಂತೆ.

ನಕ್ಷೆಯ ಜೊತೆಗೆ ಒಂದು ಪ್ರಶ್ನೆಪತ್ರಿಕೆಯೂ ಇರುತ್ತಿತ್ತು. ಹತ್ತು ಪ್ರಶ್ನೆ, ಯಾವುದನ್ನೂ ಬಿಡುವಂತಿಲ್ಲ. ಗಲ್ಲಾದ ಮೇಲೆ ಕೂತ ಹಿರಿಯರು ಕನ್ನಡಕ ಬದಲಾಯಿಸಿದ್ದಾರೆಯೇ? ಏಳುವಾಗ ಮೊಣಕಾಲು ಹಿಡಿದುಕೊಳ್ಳುತ್ತಾರೆಯೇ? ಕೆಮ್ಮುತ್ತಾರೆಯೇ, ಕೆಮ್ಮಿದರೆ ಎಷ್ಟು ಸಲ? ಜೋಕಾಲಿ ಇದೆಯೇ? ಎದುರು ಮನೆಯ ಬ್ಯಾಂಕಿನವರ ಮಗ ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕರೆದುಕೊಂಡು ಹನಿಮೂನಿಗೆ ಹೋದಾಗ ಅವನ ಕೈಗೂ ಇದು ಬಿತ್ತು. ಪಾಪ, ಸಮುದ್ರದ ಅಲೆ ಎಣಿಸಬೇಕಾದ ವಯಸ್ಸಿನಲ್ಲಿ ಮುದುಕರೊಬ್ಬರ ಕೆಮ್ಮು ಎಣಿಸಿಕೊಂಡು ಬಂದ.

ಬಂದ ಮೇಲೆ ವರದಿ ಒಪ್ಪಿಸಲು ಹೆಂಡತಿಯ ಜೊತೆ ಮಾವನ ನಡುಮನೆಯಲ್ಲಿ ಕೂತ.

"ಕೆಮ್ಮು?"

"ಎರಡು ಸಲ ಸಾರ್. ಒಂದು ಬೀಡಿ ಹೊಗೆಗೆ ಬಂದಿದ್ದು, ಪಕ್ಕದ ಟೇಬಲ್‌ನವನು ಸೇದ್ತಾ ಇದ್ದ."

"ಹಾಗಾದ್ರೆ ಒಂದೇ ಅಂತ ಬರ್ಕೋತೀನಿ. ಜೋಕಾಲಿ?"

"ಇದೆ ಸಾರ್, ಹಗ್ಗ ಹೊಸದು. ಆದ್ರೆ ತೀರಾ ಕೆಳಗೆ ಕಟ್ಟಿದಾರೆ. ಇವಳು ಕೂರೋಕೆ ಹೋಗಿ ಬಿದ್ದಳು."

"ಬಿದ್ದರಾ? ಹಗ್ಗ ಏನೂ ಆಗ್ಲಿಲ್ಲ ತಾನೇ?" ಎಂದರು ಮಾವ.

ಹೊಸ ಹುಡುಗಿ ಆಮೇಲೆ ಒಂದು ವರ್ಷ ಮಾವನ ಮನೆಯ ಮುಂದೆ ತಲೆ ಎತ್ತಿ ನಡೆಯಲಿಲ್ಲ. ಆದರೆ ನಾನು ಆ ದಿನ ಅಲ್ಲೇ ಕೂತಿದ್ದೆ, ಇನ್ನೊಂದನ್ನು ಗಮನಿಸಿದ್ದೆ. ವರದಿ ಶುರುವಾದ ಕೂಡಲೇ ಅಡುಗೆಮನೆಯಲ್ಲಿ ಒರಳುಕಲ್ಲಿನ ಸದ್ದು ನಿಂತುಹೋಗಿತ್ತು. ವರದಿ ಮುಗಿದ ಮೇಲೆಯೇ ಅದು ಮತ್ತೆ ಗುಡುಗುಡು ತಿರುಗಿದ್ದು.

ಒರಳಿನ ಮುಂದಿದ್ದವರು ಅತ್ತೆ, ಮಾವನ ಹೆಂಡತಿ. ಅತ್ತೆ ಆ ಊರಿನವರು. ಆ ಹೋಟೆಲು ಅವರ ಅಪ್ಪನದು. ಈ ವಿಷಯ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಟೈಪಿಂಗ್ ಕಲಿಯಲು ಬೆಂಗಳೂರಿಗೆ ಬಂದ ಹುಡುಗಿ ಮಾವನ ಕಾರ್ಖಾನೆಯಲ್ಲೇ ಕೆಲಸಕ್ಕೆ ಸೇರಿದ್ದು, ಜಾತಿ ಬೇರೆಯಾದರೂ ಇಬ್ಬರೂ ರಿಜಿಸ್ಟರ್ ಮದುವೆಯಾದದ್ದು, ಎಲ್ಲ ಹನ್ನೊಂದು ವರ್ಷದ ಹಿಂದಿನ ಕಥೆ. ಅತ್ತೆಯ ಅಪ್ಪ ಬೈಯಲಿಲ್ಲ, ಶಾಪ ಹಾಕಲಿಲ್ಲ. ಒಂದು ಕಾರ್ಡು ಬರೆದರು. "ನಾನು ಕರೆದಾಗ ಬಂದರೆ ಸಾಕು." ಅಷ್ಟೇ. ಹನ್ನೊಂದು ವರ್ಷವಾದರೂ ಕರೆಯಲಿಲ್ಲ. ಮಾವ-ಅತ್ತೆಗೆ ಎಂಟು ವರ್ಷದ ಒಬ್ಬ ಮಗಳಿದ್ದಳು, ಅವಳು ಅಜ್ಜನ ಮುಖವನ್ನೇ ಕಂಡಿರಲಿಲ್ಲ. ಅತ್ತೆಯೂ ಹಟದವರೇ, ಕರೆಯದೆ ಹೋಗುವುದಿಲ್ಲವೆಂದು ಕೂತರು. ಅಪ್ಪನಿಗೆ ವಯಸ್ಸಾಗುತ್ತಿದೆ ಎಂಬ ಚಿಂತೆ ಮಾತ್ರ ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

"ಮಾವ, ಇಷ್ಟೆಲ್ಲ ಮಾಡೋ ಬದಲು ನೀವೇ ಒಂದ್ಸಲ ಹೋಗಿ ಬರಬಾರದಾ?" ಎಂದು ಒಮ್ಮೆ ಕೇಳಿದೆ.

"ಕರೆಯದೆ ಹೇಗಮ್ಮ ಹೋಗೋದು? ಕರೆದಾಗ ಬನ್ನಿ ಅಂದಿದ್ದಾರೆ. ಬೇರೆಯವರನ್ನ ಕಳಿಸಬೇಡಿ ಅಂತ ಎಲ್ಲೂ ಬರೆದಿಲ್ಲವಲ್ಲ."

ಇಂಥ ನ್ಯಾಯವನ್ನು ಯಾವ ವಕೀಲರು ಹೇಳಿಕೊಟ್ಟಾರು, ಹೇಳಿ!

ಸಮುದ್ರಕ್ಕೆ ಹೋಗಲಾಗದಿದ್ದರೇನು, ಸಮುದ್ರವನ್ನೇ ರಾಜಾಜಿನಗರಕ್ಕೆ ತಂದರು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಆ ಊರಿನಲ್ಲಿ ಭರತ, ಸಂಜೆ ಐದರ ಸುಮಾರಿಗೆ ಇಳಿತ. ಅಲ್ಲಿಂದ ಮುಂದೆ ದಿನಕ್ಕೆ ಮುಕ್ಕಾಲು ಗಂಟೆ ತಡ. ಈ ಲೆಕ್ಕವನ್ನು ಅತ್ತೆಯಿಂದ ಕಲಿತು, ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಗುರುತು ಹಾಕುವ ಜಾಗದಲ್ಲಿ ಇಳಿತದ ಹೊತ್ತು ಬರೆಯುತ್ತಿದ್ದರು. ಬಸವೇಶ್ವರನಗರದ ಕಡೆ ಆಗ ಮನೆಗಳು ಏಳುತ್ತಿದ್ದ ಕಾಲ, ಎಲ್ಲಿ ನೋಡಿದರೂ ಮರಳಿನ ಗುಡ್ಡೆ. ಭಾನುವಾರ ಮಗಳನ್ನೂ ನಮ್ಮ ಮನೆಯ ಚಿಕ್ಕವರನ್ನೂ ಕರೆದುಕೊಂಡು ಹೋಗಿ ಒಂದು ಗುಡ್ಡೆ ಹತ್ತಿಸಿ, ಬಕೆಟ್‌ನಲ್ಲಿ ನೀರು ಸುರಿದು, "ಅಲೆ ಬಂತು, ಓಡಿ" ಎಂದು ಅವರಿಗಿಂತ ಮುಂಚೆ ತಾವೇ ಓಡುತ್ತಿದ್ದರು. ಕಟ್ಟಡದ ಕಾವಲುಗಾರ ಬಂದ.

"ಏನ್ ಸಾರ್, ದೊಡ್ಡೋರು ನೀವೇ ಹಿಂಗ್ ಮಾಡಿದ್ರೆ ಹೆಂಗೆ? ಮರಳೆಲ್ಲ ರೋಡಿಗೆ ಬಂತು."

"ಇಳಿತ ಇರೋವಾಗ ಮಾತ್ರ ಆಡ್ತೀವಿ ಕಣಪ್ಪ. ಭರತ ಬರೋ ಹೊತ್ತಿಗೆ ಹೊರಟುಬಿಡ್ತೀವಿ."

ಮಾತಿಗೆ ತಪ್ಪುವವರಲ್ಲ. ಎಷ್ಟು ಶಿಸ್ತೆಂದರೆ, ಇಳಿತ ಮಟಮಟ ಮಧ್ಯಾಹ್ನಕ್ಕೆ ಬಿದ್ದ ಭಾನುವಾರ ಮಕ್ಕಳು ಬಿಸಿಲಲ್ಲೇ ಆಡಬೇಕಿತ್ತು. ಎರಡು ತಿಂಗಳಾಗುವಷ್ಟರಲ್ಲಿ ಕಾವಲುಗಾರನೇ "ಸಾರ್, ಈ ವಾರ ಇಳಿತ ಎಷ್ಟೊತ್ತಿಗೆ? ಆಗ ನೀವಿರ್ತೀರಲ್ಲ, ನಾನು ಟೀ ಕುಡ್ಕೊಂಡು ಬರ್ತೀನಿ" ಎಂದು ಕೇಳುವಂತಾಯಿತು.

ನಗುತ್ತಿದ್ದ ನನಗೂ ಒಂದು ದಿನ ಸರದಿ ಬಂತು. ನಾನು ಬಿ.ಎಸ್ಸಿ. ಕೊನೆಯ ವರ್ಷ. ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ಕಾಲೇಜಿನವರು ಸಮುದ್ರದ ಪಾಚಿ ಸಂಗ್ರಹಿಸಲು ಕರೆದುಕೊಂಡು ಹೊರಟರು. ಹೊರಟದ್ದು ಎಲ್ಲಿಗೆ ಅಂತೀರಿ? ಅದೇ ಊರಿಗೆ. ಮಾವ ನಕ್ಷೆ ಕೊಟ್ಟರು, ಪ್ರಶ್ನೆಪತ್ರಿಕೆ ಕೊಟ್ಟರು, "ಹುಣ್ಣಿಮೆ ದಿನ, ಸಂಜೆ ಐದಕ್ಕೆ ಬಂಡೆ ಹತ್ತಿರ ಹೋಗಿ" ಎಂದರು. ಅತ್ತೆ ಗೇಟಿನ ತನಕ ಬಂದು ನನ್ನ ಕೈ ಹಿಡಿದು, ಬಿಟ್ಟು, ಒಳಗೆ ಹೋದರು.

ನಮ್ಮ ಲೆಕ್ಚರರು ಬೆಳಿಗ್ಗೆ ಹನ್ನೊಂದಕ್ಕೇ ನಮ್ಮನ್ನು ದಂಡೆಗೆ ಹೊರಡಿಸಿದರು. ಪಾಚಿಯೂ ಇಲ್ಲ, ಬಂಡೆಯೂ ಇಲ್ಲ, ಎಲ್ಲ ನೀರೊಳಗೆ. ನಾನು ಮೆಲ್ಲಗೆ "ಸಾರ್, ಇಳಿತ ಸಂಜೆ ಐದಕ್ಕೆ" ಎಂದೆ. ಬಲೆ ಒಣಗಿಸುತ್ತಿದ್ದ ಒಬ್ಬರು "ಆ ಹುಡುಗಿ ಹೇಳುದು ಸಮ" ಎಂದರು. "ನಿನಗೆ ಯಾರಮ್ಮ ಹೇಳಿದ್ದು?" ಎಂದು ಲೆಕ್ಚರರು ಕೇಳಿದರೆ ರಾಜಾಜಿನಗರದಿಂದ ಸಮುದ್ರ ನೋಡುವ ಮಾವನ ವಿಷಯ ಏನೆಂದು ಹೇಳಲಿ? ಸಂಜೆ ಐದಕ್ಕೆ ಬಂಡೆಗಳೆಲ್ಲ ಹಸಿರು ಕೆಂಪು ಪಾಚಿ ಹೊದ್ದು ಮೇಲೆದ್ದು ನಿಂತಿದ್ದವು. ನನಗೆ ಮಾವನ ಮೇಲೆ ಹೆಮ್ಮೆ ಉಕ್ಕಿಬಂತು.

ಮರುದಿನ ಮಧ್ಯಾಹ್ನ ಗೆಳತಿಯೊಬ್ಬಳನ್ನು ಕರೆದುಕೊಂಡು ಹೆಂಚಿನ ಹೋಟೆಲಿಗೆ ಹೋದೆ. ಮೂರೂವರೆಗೆ ಸರಿಯಾಗಿ ಹಿಟ್ಟು ಎಣ್ಣೆಗೆ ಬಿತ್ತು. ಗೋಳಿಬಜೆ ಎಷ್ಟು ಮೃದುವಾಗಿತ್ತೆಂದು ಬರೆಯುತ್ತಾ ಕೂತರೆ ಕಥೆ ಮುಂದೆ ಹೋಗದು, ಬಿಡಿ. ನಾನು ನಕ್ಷೆ ಬಿಚ್ಚಿದ್ದೇ ತಡ, ಗಲ್ಲಾದ ಅಜ್ಜ ಚಂಗನೆ ಎದ್ದು ನಮ್ಮ ಬಳಿ ಬಂದರು.

"ರಾಜಾಜಿನಗರದವಳಾ ನೀನು?"

ನಾನು ಕೈಯಲ್ಲಿದ್ದ ಗೋಳಿಬಜೆಯನ್ನು ತಟ್ಟೆಗಿಟ್ಟೆ. "ನಿಮಗೆ ಹೇಗೆ ಗೊತ್ತಾಯ್ತು?"

"ವರ್ಷಕ್ಕೆ ಏಳೆಂಟು ಮಂದಿ ಬರ್ತಾರೆ. ಎಲ್ಲರ ಕೈಯಲ್ಲೂ ಇದೇ ನೀಲಿ ಕಾಗದ. ಎಲ್ಲರೂ ನನ್ನ ಮೊಣಕಾಲನ್ನೇ ನೋಡುದು."

ಒಳಗಿಂದ ಅಡುಗೆಯವರು ಕೂಗಿದರು: "ಧಣಿ, ಹಾಗೆಲ್ಲ ಏಳ್ಬೇಡಿ. ಬೆಳಿಗ್ಗೆಯಿಂದ ಮೊಣಕಾಲು ನೋವು ಅಂತ ಇದ್ರಲ್ಲ."

ಅಜ್ಜ ಅತ್ತ ಕಣ್ಣು ಕೆಕ್ಕರಿಸಿ, ನನ್ನ ಕಡೆ ತಿರುಗಿ, "ಅದನ್ನು ಬರ್ಕೊಳ್ಬೇಡ" ಎಂದರು.

ನಮ್ಮ ಮಾವ ಹನ್ನೊಂದು ವರ್ಷ ಬೇಹುಗಾರರನ್ನು ಕಳಿಸಿದರೆ, ಈ ಅಜ್ಜ ಅವರ ಮುಂದೆ ಅಷ್ಟೂ ವರ್ಷ ಕೆಮ್ಮು ನುಂಗಿ, ನೋವು ನುಂಗಿ, ಗಟ್ಟಿಮುಟ್ಟಾಗಿ ಕಂಡಿದ್ದರು. ಮಗಳಿಗೆ ಹೋಗುವ ವರದಿ ಚೆನ್ನಾಗಿರಬೇಕಲ್ಲ!

"ಮಗು ಈಗ ಎಷ್ಟು ಎತ್ತರ?" ಎಂದು ಕೇಳಿದರು. ನಾನು ಎದ್ದು ನಿಂತು ನನ್ನ ಎದೆಯ ಹತ್ತಿರ ಕೈ ಹಿಡಿದು ತೋರಿಸಿದೆ. ಅವರು ಹಿತ್ತಿಲಿಗೆ ನಡೆದರು. ನಾನೂ ಹಿಂದೆ ಹೋದೆ. ಜೋಕಾಲಿಯ ಹಗ್ಗದ ಗಂಟು ಬಿಚ್ಚಿ, ಮಣೆಯನ್ನು ನಾಲ್ಕು ಬೆರಳು ಮೇಲಕ್ಕೆತ್ತಿ ಕಟ್ಟಿದರು. ಬ್ಯಾಂಕಿನವರ ಸೊಸೆ ಯಾಕೆ ಬಿದ್ದಳೆಂದು ಆಗ ನನಗೆ ತಿಳಿಯಿತು. ನನಗೆ ಅಳು ಬಂತು, ತಡೆದುಕೊಂಡೆ.

ಆಮೇಲೆ ಅವರು ಕನ್ನಡಕ ಹಾಕಿಕೊಂಡು ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ಎಂತ ನಕ್ಷೆ ಬರೀತಾನೆ ಅವ? ಇಲ್ಲಿ ಮಾವಿನ ಮರ ಅಂತ ಬರ್ದಿದ್ದಾನೆ. ಇದು ಹಲಸು."

ನಾನು ಮರ ನೋಡಿದೆ. ಸಸ್ಯಶಾಸ್ತ್ರ ಓದುವ ನನಗೆ ಮಾವಿಗೂ ಹಲಸಿಗೂ ವ್ಯತ್ಯಾಸ ತಿಳಿಯದೆ? ತಲೆಯ ಮೇಲೇ ಗೊಂಚಲು ಗೊಂಚಲು ಮಾವಿನ ಮಿಡಿ ತೂಗುತ್ತಿತ್ತು!

"ಅಜ್ಜ, ಇದು ಮಾವು..."

"ಹಲಸು ಅಂದೆನಲ್ಲ. ತಪ್ಪು ನಕ್ಷೆ ಹಿಡ್ಕೊಂಡು ಜನ ತಿರುಗಬಾರದು. ಬಂದು ನೋಡಿ ತಿದ್ದಿಕೊಂಡು ಹೋಗ್ಲಿಕ್ಕೆ ಹೇಳು ಅವನಿಗೆ. ಒಬ್ಬನೇ ಬರುದು ಬೇಡ."

ಬೆಂಗಳೂರಿಗೆ ಬಂದವಳು ಸೀದಾ ಮಾವನ ಮನೆಗೆ ಹೋದೆ. ಮಾವ ಪೆನ್ಸಿಲ್ ಹಿಡಿದು ಕೂತರು. ಅಡುಗೆಮನೆಯಲ್ಲಿ ಒರಳು ನಿಂತಿತು. ನಾನು ಎಲ್ಲವನ್ನೂ ಹೇಳಿ ಕೊನೆಗೆ ಮರದ ವಿಷಯ ಹೇಳಿದೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಮಾವ ತಮ್ಮ ನಕ್ಷೆಯಲ್ಲಿ ತಪ್ಪಿದೆ ಎಂದು ಜನ್ಮದಲ್ಲಿ ಒಪ್ಪಿದವರಲ್ಲ. ದಾರಿ ತಪ್ಪಿ ಅಲೆದು ಬಂದವರಿಗೂ "ನೀವು ತಪ್ಪಿದ್ದೀರಿ, ನಕ್ಷೆ ತಪ್ಪಿಲ್ಲ" ಎಂದೇ ಹೇಳುತ್ತಿದ್ದರು.

ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಮುಖದಲ್ಲಿ ಗಾಬರಿ. "ಮರ ಗುರುತು ಸಿಗದಷ್ಟು ಅಪ್ಪಯ್ಯನ ಕಣ್ಣು ಹೋಯ್ತಾ?"

"ಇಲ್ಲ ಅತ್ತೆ. ಕನ್ನಡಕ ಹಾಕ್ಕೊಂಡೇ ಹೇಳಿದ್ರು. ಹೇಳುವಾಗ ಮಿಡಿಗೊಂಚಲನ್ನ ಕೈಯಲ್ಲಿ ಪಕ್ಕಕ್ಕೆ ಸರಿಸಿದ್ರು."

ಅತ್ತೆಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಹಾಗೇ ಬಾಗಿಲಿಗೆ ಒರಗಿ ನೆಲದ ಮೇಲೆ ಕೂತರು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ. ಮಾವ ಹೆಂಡತಿಯ ಕಡೆ ನೋಡಿ, ಕೆಂಪು ಪೆನ್ಸಿಲ್ ತೆಗೆದು, ಮಾವಿನ ಮರದ ಸುತ್ತ ಒಂದು ವೃತ್ತ ಎಳೆದರು.

"ತಪ್ಪಾಗಿದೆ" ಎಂದರು. "ನನ್ನದೇ ತಪ್ಪು. ಹೋಗಿ ನೋಡಿಯೇ ತಿದ್ದಬೇಕು."

ಆಮೇಲೆ ನನ್ನ ಕಡೆ ತಿರುಗಿದರು. ಆ ಊರಿಗೆ ಎಷ್ಟೋ ಜನರನ್ನು ಕಳಿಸಿದ್ದ ಮಾವ ಪೆನ್ಸಿಲ್ ಕೆಳಗಿಟ್ಟು ಕೇಳಿದರು.

"ಮೆಜೆಸ್ಟಿಕ್‌ನಲ್ಲಿ ಬಸ್ಸು ಯಾವ ಕಡೆ ನಿಲ್ಲುತ್ತೆ ಕಣಮ್ಮ? ಆ ಊರಲ್ಲಿ ಇಳಿದು ಎತ್ತ ಹೋಗಬೇಕು? ಸ್ವಲ್ಪ ಹೇಳು."

ಎದುರಿಗೆ ಅವರದೇ ನಕ್ಷೆ ಬಿಚ್ಚಿಕೊಂಡು ಬಿದ್ದಿತ್ತು. ನಾನು ಅವರ ಪಕ್ಕ ಕೂತು ಬಸ್ ನಿಲ್ದಾಣದಿಂದ ಶುರುಮಾಡಿ ನಿಧಾನವಾಗಿ ದಾರಿ ಹೇಳಿದೆ. ಮೊದಲ ಸಲ ಕೇಳುವವರ ಹಾಗೆ ಅವರು ಪ್ರತಿ ತಿರುವಿಗೂ ತಲೆಯಾಡಿಸಿದರು.